ಇನ್ನೊಂದು ಕೈ

ಪಟ್ಟಿಯಲ್ಲಿ ಐದು ಹೆಸರುಗಳಿದ್ದವು. ಐದನೆಯದನ್ನು ಓದಿದ್ದೇ ಹೆಲ್ವಿ ಹಾಳೆಯನ್ನು ಮಡಚಿ, ಕಾರಿನ ಪಕ್ಕದ ಸೀಟಿನ ಮೇಲಿದ್ದ ರೊಟ್ಟಿ ಪೊಟ್ಟಣದ ಅಡಿಗೆ ತಳ್ಳಿದ್ದಳು. ತಳ್ಳಿದರೆ ಹೆಸರು ಎಲ್ಲಿಗೆ ಹೋಗುತ್ತದೆ? ಗಂಟೆ ಎಂಟಾದರೂ ಬೆಳಕು ಹರಿದಿರಲಿಲ್ಲ. ಅಕ್ಟೋಬರಿನ ಕೊನೆಯ ಗುರುವಾರ. ಹಿಮ ಇನ್ನೂ ಬಿದ್ದಿರದ, ಬೀಳದಿದ್ದರಿಂದಲೇ ಇನ್ನಷ್ಟು ಕಪ್ಪಾದ ಬೆಳಗು. ರಸ್ತೆಯ ಎರಡೂ ಕಡೆ ಜೌಗು ನೆಲ ಉಸಿರಾಡುತ್ತ ಮಲಗಿತ್ತು. ರೀಹಿವಾರದ ಶಾಲೆಗೆ ಇನ್ನು ಹದಿನೆಂಟು ಕಿಲೋಮೀಟರು. ಮೂವತ್ತನಾಲ್ಕು ವರ್ಷ ಓಡಾಡಿದ ದಾರಿ. ಬರುವ ವಸಂತಕ್ಕೆ ಅವಳ ಕೆಲಸ ಮುಗಿಯುತ್ತಿತ್ತು. ಈ ಊರಿನ ಆರು ವರ್ಷದ ಮಕ್ಕಳನ್ನು ತಪಾಸಣೆ ಮಾಡುವುದು ಇದೇ ಕೊನೆಯ ಸಲ. ಬೆಳಿಗ್ಗೆ ಜ್ವರವೆಂದು ಹೇಳಿ ತಪ್ಪಿಸಿಕೊಳ್ಳೋಣ ಎಂದು ಫೋನು ಕೈಗೆತ್ತಿಕೊಂಡವಳು ಹಾಗೇ ಇಟ್ಟುಬಿಟ್ಟಿದ್ದಳು. ಆತ್ಮಸಾಕ್ಷಿ ಚುಚ್ಚಿತೆಂದಲ್ಲ. ಹೇಳಿದ್ದರೆ ಆರೋಗ್ಯಕೇಂದ್ರದ ಕಚೇರಿಯ ಹುಡುಗಿ 'ಅಯ್ಯೋ ಹೆಲ್ವಿ, ನೀವು ಯಾವತ್ತೂ ರಜಾ ಹಾಕಿದವರಲ್ಲ' ಎನ್ನುತ್ತಿದ್ದಳು. ಆ ದನಿಯಲ್ಲಿನ ಗೌರವವನ್ನು ತಡೆದುಕೊಳ್ಳುವ ಶಕ್ತಿ ಅವಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ. ಗೌರವ ಎಂದರೆ ಒದ್ದೆ ಕಂಬಳಿಯ ಹಾಗೆ. ಹೊದೆಸಿದವರಿಗೆ ಅದರ ಭಾರ ಗೊತ್ತಾಗುವುದಿಲ್ಲ.

ಶಾಲೆಯ ಬಾಗಿಲು ತೆರೆದಾಗ ಬಟಾಣಿ ಬೇಯುವ ವಾಸನೆ ಬಂತು. ಗುರುವಾರವೆಂದರೆ ಬಟಾಣಿ ಸಾರು. ಅದು ಅವಳು ಚಿಕ್ಕವಳಿದ್ದಾಗಲೂ ಹಾಗೆಯೇ ಇತ್ತು. ಬಾಗಿಲ ಬಳಿ ಮಕ್ಕಳ ರಬ್ಬರ್ ಬೂಟುಗಳು ಸಾಲಾಗಿ ನಿಂತಿದ್ದವು. ಅವಳು ಬಗ್ಗಿ ತನ್ನ ಬೂಟುಗಳನ್ನೂ ಕಳಚಿ ಸಾಲಿನ ಕೊನೆಗಿಟ್ಟಳು. ನೆಟ್ಟಗಾಗುವಾಗ ಎಡ ಮಂಡಿ ಲಟಕ್ಕೆಂದಿತು. ತಲೆಯೆತ್ತಿದರೆ ಎದುರಿಗೆ ತೈನಾ ನಿಂತಿದ್ದಳು, ಕೈಯಲ್ಲಿ ಹಬೆಯಾಡುವ ಬಕೀಟು ಹಿಡಿದು. ತೈನಾ ಈ ಶಾಲೆಯ ನೆಲ ಒರೆಸುವವಳು. ಐದನೆಯ ಹೆಸರು ಅವಳ ಮಗಳದು.

"ಬಂದ್ರಾ ನರ್ಸತ್ತೆ? ದಾರಿ ಜಾರ್ತಿತ್ತಾ?"

ಮೂರು ತಲೆಮಾರಿನ ಜನ ಹೆಲ್ವಿಯನ್ನು ಕರೆಯುತ್ತಿದ್ದುದು ಹಾಗೆಯೇ. ಅವಳ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ.

"ಇಲ್ಲ ಕಣೆ. ಇನ್ನೂ ಹೆಪ್ಪುಗಟ್ಟಿಲ್ಲ."

"ಆಟದ ಕೋಣೆ ನೆಲಾನ ಈಗಷ್ಟೇ ಬಿಸಿನೀರಲ್ಲಿ ಒರೆಸಿದೀನಿ. ಮಕ್ಕಳ ಕಾಲುಚೀಲ ಬಿಚ್ಚಿಸ್ತೀರಲ್ಲ ನೀವು, ಅಂಗಾಲು ಕೊರೀಬಾರ್ದು ಅಂತ. ಮೇಣಾನೂ ಹಾಕಿಲ್ಲ. ಹೋದ ವಾರವೇ ಹಾಕ್ಬೇಕಿತ್ತು, ನರ್ಸತ್ತೆ ಬಂದು ಹೋಗ್ಲಿ ಅಂತ ಬಿಟ್ಟೆ." ತೈನಾ ನಕ್ಕಳು. ಮೂವತ್ತನಾಲ್ಕರ ಹೆಂಗಸು, ನಕ್ಕರೆ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ. "ನಮ್ ಕಾಲದಲ್ಲಿ ಬಿಚ್ಚಿಸ್ತಿರ್ಲಿಲ್ಲ ನೀವು, ಅಲ್ವಾ? ನಂಗಿನ್ನೂ ನೆನಪಿದೆ, ನಮ್ಮಜ್ಜಿ ಹೆಣೆದ ಕೆಂಪು ಕಾಲುಚೀಲ. ಆ ನೆಲಾನೋ, ಕೆರೆ ಮೇಲೆ ಮಂಜುಗಡ್ಡೆ ಇದ್ದಂಗಿತ್ತು!"

ಹೆಲ್ವಿ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. ಬಿಚ್ಚಿದ ಗುಂಡಿಯನ್ನೇ ಮತ್ತೆ ಹಾಕಿ, ಮತ್ತೆ ಬಿಚ್ಚಿದಳು. ಮಾತಿನಲ್ಲಿ ಕೊಂಕು ಇದೆಯೇ ಎಂದು ಹುಡುಕಿದಳು, ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಕೀಟು ಹಿಡಿದು ತೈನಾ ಓಣಿಯುದ್ದಕ್ಕೂ ನಡೆದುಹೋದಳು, ಒಂದು ತೊಟ್ಟು ನೀರು ಚೆಲ್ಲದೆ, ಸೆಟೆದ ಬೆನ್ನಿನಲ್ಲಿ, ಹಗ್ಗದ ಮೇಲೆ ನಡೆಯುವವಳ ಹಾಗೆ. ಇವಳಿಗೆ ಗೆರೆಯ ಮೇಲೆ ನಡೆಯಲು ಬರುವುದಿಲ್ಲವೆಂದು ಬರೆದವಳು ತಾನು.

ಅದು ಎಪ್ಪತ್ತೆಂಟರ ಜನವರಿ. ಆ ವರ್ಷ ರಾಜಧಾನಿಯಿಂದ ಹೊಸದೊಂದು ಕೈಪಿಡಿ ಬಂದಿತ್ತು. ಓದು ಬರಹದಲ್ಲಿ ಮುಂದೆ ತೊಡಕಾಗಬಹುದಾದ ಮಕ್ಕಳನ್ನು ಮೊದಲೇ ಗುರುತಿಸಬಹುದು, ನರಗಳ ಸಣ್ಣ ಸಣ್ಣ ಗುರುತುಗಳು ಕೈಕಾಲಿನಲ್ಲಿ ಕಾಣಿಸಿಕೊಳ್ಳುತ್ತವೆ ಎಂದು ಅದರಲ್ಲಿತ್ತು. ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ ಕೈ ಚಾಚುವುದು, ಹೆಬ್ಬೆರಳಿನಿಂದ ಒಂದೊಂದೇ ಬೆರಳು ಮುಟ್ಟುವುದು. ಸರಿಯಿದ್ದರೆ ಸೊನ್ನೆ, ಅನುಮಾನವಿದ್ದರೆ ಒಂದು, ತಪ್ಪಿದರೆ ಎರಡು. ಮೊದಲ ಪುಟದಲ್ಲಿಯೇ ಬರೆದಿತ್ತು: ಮಗು ಬರಿಗಾಲಲ್ಲಿರಬೇಕು. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಈ ಪುಸ್ತಕ ಬರೆದವರ ಮನೆಯಲ್ಲಿ ನೆಲದೊಳಗೇ ಒಲೆ ಉರಿಯುತ್ತಿರಬೇಕು ಎಂದು ಅವಳೂ ಅಡುಗೆಯವಳೂ ನಕ್ಕಿದ್ದರು. ಬೂಟು ಬಾಗಿಲಲ್ಲಿ, ಉಣ್ಣೆಯ ಕಾಲುಚೀಲ ಕಾಲಲ್ಲಿ: ಇಲ್ಲಿ ಮನುಷ್ಯರು ಮನೆಯೊಳಗೆ ಇರುವುದೇ ಹಾಗೆ. ಕಾಲುಚೀಲವೆಂಬುದು ತೊಟ್ಟ ವಸ್ತು ಎಂದೇ ಯಾರಿಗೂ ಅನಿಸುತ್ತಿರಲಿಲ್ಲ, ಅದು ಚರ್ಮ. ಕ್ರಿಸ್‌ಮಸ್ ರಜೆಯಲ್ಲಿ ಯಾರೋ ನೆಲಕ್ಕೆ ಹೊಸದಾಗಿ ಮೇಣ ತೀಡಿದ್ದರು. ಕಾಲುಚೀಲದಲ್ಲೇ ನಡೆದ ಒಂಬತ್ತು ಮಕ್ಕಳೂ ಜಾರಿದರು. ಪಂಚಾಯಿತಿ ಮುಖ್ಯಸ್ಥನ ಮಗ ಓಸ್ಮೊ ಅಂತೂ ಮೂರು ಸಲ ಕುಂಡೆ ಊರಿ ಕೂತ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳೂ ನಕ್ಕಳು, 'ನೆಲ ಜಾರಿತು, ಪಾಪ' ಎಂದು ಸೊನ್ನೆ ಬರೆದಳು. ಆಮೇಲೆ ಜೌಗಿನಾಚೆಯ ಕೊನೆಯ ಗುಡಿಸಲಿನ ಹುಡುಗಿ ಬಂದಳು, ತಾಯಿಯಿಲ್ಲದೆ ಒಬ್ಬಳೇ, ಮೈಯೆಲ್ಲ ಹೊಗೆಯ ವಾಸನೆ, ಕೊಟ್ಟಿಗೆಯ ವಾಸನೆ. ಅವಳಪ್ಪ ಎರಡು ಸಲ ಹಿಮದಲ್ಲಿ ಕುಡಿದು ಬಿದ್ದಿದ್ದವನು. ಹುಡುಗಿ ಜಾರಿದ್ದು ಎರಡು ಸಲವೋ, ಒಂದೇ ಸಲವೋ. ಹೆಲ್ವಿ ಎರಡು ಎಂದು ಬರೆದಳು. ಗೆರೆಯ ಮುಂದೆ ಎರಡು ಬರೆದ ಪೆನ್ಸಿಲು ಕೆಳಗಿನ ಸಾಲುಗಳಿಗೂ ತಾನಾಗಿಯೇ ಇಳಿಯಿತು. ಆ ಮಗುವಿನ ಬೆರಳುಗಳನ್ನು ತಾನು ನೋಡಿದ್ದೆನೇ? ಇಪ್ಪತ್ತೆಂಟು ವರ್ಷದಿಂದ ಆ ಬೆರಳುಗಳನ್ನು ನೆನಪಿಗೆ ತಂದುಕೊಳ್ಳಲು ಹೆಣಗುತ್ತಿದ್ದಾಳೆ. ಬರುವುದು ಕೆಂಪು ಕಾಲುಚೀಲ ಮಾತ್ರ, ಬಲಗಾಲಿನದರ ಹೆಬ್ಬೆರಳಿನ ಹತ್ತಿರ ಬೂದು ನೂಲಿನ ತೇಪೆ.

"ನರ್ಸತ್ತೆ, ಕಾಲು ಬಿಚ್ಚಲಾ?" ಎಂದ ಮೊದಲನೆಯ ಹುಡುಗ.

"ಕಾಲು ಬೇಡಪ್ಪ, ಕಾಲುಚೀಲ ಸಾಕು."

ಹುಡುಗ ಕಿಸಕ್ಕನೆ ನಕ್ಕ. ಪ್ರತಿ ವರ್ಷ ಇದೇ ತಮಾಷೆ. ನರ್ಸತ್ತೆ ಬಂದರೆ ಮಕ್ಕಳ ಕಾಲು ನೀಲಿಯಾಗುತ್ತದೆ ಎಂದು ಹಳ್ಳಿಯ ತಾಯಂದಿರು ಆಡಿಕೊಳ್ಳುತ್ತಾರೆ. ಮುದುಕಿಗೆ ನಿಯಮವೆಂದರೆ ನಿಯಮ ಎಂದೂ ಹೇಳುತ್ತಾರೆ. ಅದರ ಹಿಂದೆ ಅಡಗಿರುವ ಸಂಜೆಯೊಂದು ಯಾರಿಗೂ ಗೊತ್ತಿಲ್ಲ. ಆ ಜನವರಿಯಾದ ಎರಡು ವರ್ಷಕ್ಕೆ ಪಟ್ಟಣದಲ್ಲಿ ತರಬೇತಿ. 'ಎಲ್ಲೋ ಒಂದು ಕಡೆ ಉಣ್ಣೆ ಕಾಲುಚೀಲದಲ್ಲೇ ನಡೆಸಿದರಂತೆ' ಎಂದು ಡಾಕ್ಟರು ಹೇಳಿದಾಗ ನಲವತ್ತು ಜನ ನರ್ಸುಗಳು ಗೊಳ್ಳೆಂದರು. ಅವಳೂ ಅವರ ಜೊತೆ ಸೇರಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಬಸ್ಸಿನಲ್ಲಿ ವಾಪಸು ಬರುವಾಗ ನಾಳೆಯೇ ಹೋಗಿ ಹೇಳಬೇಕು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ. ತೈನಾ ಆಗಲೇ ಪಟ್ಟಣದ ಮಂದಬುದ್ಧಿಯವರ ತರಗತಿಯಲ್ಲಿದ್ದಳು. ಬೆಳಿಗ್ಗೆ ಆರಕ್ಕೆ ಟ್ಯಾಕ್ಸಿಯಲ್ಲಿ ಹೋಗಬೇಕು; ಆ ತರಗತಿಗೆ ಶಾಲೆಯ ಹಿಂದಿನಿಂದ ಬೇರೆ ಬಾಗಿಲು. 'ಹಿಂಬಾಗಿಲವರು' ಎಂದೇ ಮಿಕ್ಕ ಮಕ್ಕಳು ಕೂಗುತ್ತಿದ್ದರು. ಅಲ್ಲಿ ಆಲೂಗಡ್ಡೆ ಸುಲಿಯುವುದು, ನೆಲ ಒರೆಸುವುದು ಕಲಿಸಿದರು. ಕಲಿಸಿದ್ದನ್ನು ತೈನಾ ಚೆನ್ನಾಗಿಯೇ ಕಲಿತಳು. ಹೋದ ಚಳಿಗಾಲದಲ್ಲಿ ಆರೋಗ್ಯಕೇಂದ್ರದ ಬೆಂಚಿನ ಮೇಲೆ ಅವಳು ಪೇಪರು ಓದುವುದನ್ನು ಹೆಲ್ವಿ ಬಾಗಿಲ ಸಂದಿಯಿಂದ ನಿಂತು ನೋಡಿದ್ದಳು. ತುಟಿ ಅಲುಗಲಿಲ್ಲ, ಬೆರಳು ಸಾಲಿನ ಮೇಲೆ ಹರಿಯಲಿಲ್ಲ. ಕಣ್ಣು ಸರಸರನೆ ಇಳಿದು ಪುಟ ತಿರುಗಿತು. ಹೆಸರು ಕರೆದಾಗ ತೈನಾ ಬೆಚ್ಚಿ, ಏನೋ ಕದ್ದವಳ ಹಾಗೆ ಪೇಪರನ್ನು ಮಡಚಿಟ್ಟಳು. 'ಚಿತ್ರ ನೋಡ್ತಿದ್ದೆ' ಎಂದಳು.

ನಾಲ್ಕು ಮಕ್ಕಳು ಮುಗಿದವು. ನಾಲ್ವರೂ ಗಟ್ಟಿಗರು, ಗೆರೆಯ ಮೇಲೆ ಬಾತುಕೋಳಿಗಳ ಹಾಗೆ ನಡೆದರು. ಐದನೆಯವಳನ್ನು ಕರೆಯುವ ಮುಂಚೆ ಸತು ಬಂದು ಬಾಗಿಲು ಹಾಕಿಕೊಂಡಳು. ಸತು ಈ ಮಕ್ಕಳ ಟೀಚರು, ಪಟ್ಟಣದವಳು, ಬಂದು ಎರಡು ವರ್ಷವಾಗಿತ್ತು.

"ಹೆಲ್ವಿ, ವಿಲ್ಯಾನ ವಿಷಯ ಒಂದು ಮಾತು. ಅವಳಿಗೆ ಜಿಪ್ ಹಾಕೋಕೆ ಬರಲ್ಲ, ಕತ್ತರಿ ಹಿಡಿಯಕ್ಕೆ ಬರಲ್ಲ. ನಾಲ್ಕು ಸಾಲಿನ ಪ್ರಾಸ ಇಡೀ ತಿಂಗಳು ಹೇಳಿಕೊಟ್ರೂ ಮಾರನೆ ದಿನ ಹೊಸದು ಕೇಳಿದಂಗೆ ಕೇಳ್ತಾಳೆ. ದಡ್ಡಿ ಅಲ್ಲ. ಹಸುಗಳ ಬಗ್ಗೆ ಕೇಳಿ ನೋಡಿ, ನಂಗೇ ಪಾಠ ಹೇಳ್ತಾಳೆ."

"ನೋಡ್ತೀನಿ."

"ನೋಡೋದಲ್ಲ. ನೀವು ಗುರುತು ಇದೆ ಅಂತ ಬರೆದ್ರೆ ಜನವರಿಯಿಂದ ವಾರಕ್ಕೆ ಮೂರು ದಿನ ವಿಶೇಷ ಟೀಚರ್ ಇಲ್ಲಿಗೇ ಬರ್ತಾರೆ. ಇದೇ ಕೋಣೆಗೆ, ಇದೇ ಮಕ್ಕಳ ಜೊತೆ. ಹಿಂದಿನ ಹಾಗಲ್ಲ. ನೀವು ಬರೀಲಿಲ್ಲ ಅಂದ್ರೆ ಪಂಚಾಯಿತಿಯವರು ಕಾಸೂ ಬಿಚ್ಚಲ್ಲ. ಬರೋ ವರ್ಷ ಈ ಶಾಲೆ ಮುಚ್ಚತ್ತೆ. ಪಟ್ಟಣದಲ್ಲಿ ಇಪ್ಪತ್ತೈದು ಮಕ್ಕಳ ಮಧ್ಯೆ ಇವಳು ಎಲ್ಲಿ ಕೂತಿದಾಳೆ ಅಂತಾನೂ ಯಾರೂ ನೋಡಲ್ಲ." ಸತು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದಳು. "ಅವರಮ್ಮಂಗೆ ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ. ನಿಮ್ಮ ಮೇಲೆ ಎಷ್ಟು ನಂಬಿಕೆ ಅವಳಿಗೆ!"

ವಿಲ್ಯಾ ತಾಯಿಯ ಹಿಂದೆ ಹಿಂದೆಯೇ ಬಂದಳು. ಹುಲ್ಲಿನ ಬಣ್ಣದ ತಲೆಗೂದಲು, ಒಂದು ಹಲ್ಲು ಬಿದ್ದ ಬಾಯಿ. ಕೆಂಪಲ್ಲ, ನೀಲಿ ಕಾಲುಚೀಲ. ಹೇಳುವ ಮೊದಲೇ ಕೂತು ಬಿಚ್ಚಿಟ್ಟಳು. ಅದನ್ನೂ ಮನೆಯಲ್ಲಿ ಹೇಳಿಕೊಟ್ಟಿದ್ದರು. ತೈನಾ ಗೋಡೆಗೊರಗಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತಳು. ಮಂಡಿ ಗದ್ದದವರೆಗೆ ಬಂತು. ಕೈ ಎರಡನ್ನೂ ತೊಡೆಯ ನಡುವೆ ಒತ್ತಿಕೊಂಡಳು, ಆರು ವರ್ಷದವಳು ಕೂರುವ ಹಾಗೆ, ಅಂದು ಕೂತಿದ್ದ ಹಾಗೆ.

"ಈ ಕೆಂಪು ಪಟ್ಟಿ ಮೇಲೆ ನಡೀತೀಯಾ ಮರಿ? ಹಿಮ್ಮಡಿಗೆ..."

"ಹಿಮ್ಮಡಿಗೆ ಬೆರಳು ತಾಗ್ಬೇಕು. ಗೊತ್ತು," ಎಂದು ವಿಲ್ಯಾ ಹೊರಟೇಬಿಟ್ಟಳು. ಕೆಳಗೆ ನೋಡಲಿಲ್ಲ. ಕೈ ಚಾಚಲಿಲ್ಲ. ತುದಿ ಮುಟ್ಟಿ, ತಿರುಗದೆಯೇ, ಹಿಂದಕ್ಕೆ ಹಿಂದಕ್ಕೆ ಅದೇ ಗೆರೆಯ ಮೇಲೆ ವಾಪಸು ಬಂದಳು. ಒಂದು ಕೂದಲೆಳೆಯೂ ತಪ್ಪಲಿಲ್ಲ. ಹೆಲ್ವಿ ತನ್ನ ಸರ್ವೀಸಿನಲ್ಲಿ ಹಾಗೆ ನಡೆದ ಮಗುವನ್ನು ಕಂಡಿರಲಿಲ್ಲ. ಅದು ಮಗುವಿನ ನಡಿಗೆಯಲ್ಲ, ಹರಕೆಯ ನಡಿಗೆ.

"ಎಲ್ಲಿ ಕಲಿತೆ?"

"ಕೊಟ್ಟಿಗೇಲಿ. ಗಂಜಲ ಹೋಗೋ ಕಾಲುವೆ ಅಂಚು ಇದೆಯಲ್ಲ, ಅದ್ರ ಮೇಲೆ. ದಿನಾ ಸಂಜೆ, ಅಮ್ಮ ಹಾಲು ಕರೆಯೋಷ್ಟು ಹೊತ್ತು. ಬಿದ್ರೆ ಗಂಜಲಕ್ಕೇ ಬೀಳ್ತೀವಿ!" ಹುಡುಗಿ ತನ್ನ ಮಾತಿಗೆ ತಾನೇ ನಕ್ಕಳು. "ಮೊದಮೊದ್ಲು ಬೀಳ್ತಿದ್ದೆ. ಅಮ್ಮ ತೊಳೀತಿದ್ಲು."

"ಏಯ್, ಅದನ್ನೆಲ್ಲ ಯಾಕೆ ಹೇಳ್ತೀಯಾ," ಎಂದಳು ತೈನಾ. ಕತ್ತಿನವರೆಗೂ ಕೆಂಪೇರಿದ್ದಳು. ಆದರೆ ಮುಖ ಗೆದ್ದವಳ ಮುಖ. ಇಪ್ಪತ್ತೆಂಟು ವರ್ಷ ಅವಳು ನಂಬಿದ್ದು ಅದೊಂದೇ: ತಾನು ಆ ಗೆರೆಯ ಮೇಲೆ ಜಾರಿದೆ, ಆದ್ದರಿಂದ ಹಿಂಬಾಗಿಲಿಗೆ ಹೋದೆ. ಜಾರದಿದ್ದರೆ ಆಯಿತು. ಎಂಥ ಸರಳ ಲೆಕ್ಕ. ಮತ್ತು ಹೆಲ್ವಿಗೆ ಗೊತ್ತಿದ್ದಂತೆ, ಎಂಥ ಸರಿಯಾದ ಲೆಕ್ಕ.

"ಈಗ ಬಲಗೈ. ಹೆಬ್ಬೆರಳಿಂದ ಒಂದೊಂದೇ ಬೆರಳು ಮುಟ್ಟು. ಹೀಗೆ. ಎಡಗೈ ಮೇಜಿನ ಮೇಲೆ ಸುಮ್ನಿರ್ಲಿ."

ತೈನಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಇದನ್ನು ಕೊಟ್ಟಿಗೆಯಲ್ಲಿ ಕಲಿಸಿರಲಿಲ್ಲ. ಅಂದು ಬೆರಳಿನ ಪರೀಕ್ಷೆ ನಡೆದಿತ್ತೆಂಬುದೇ ಅವಳಿಗೆ ನೆನಪಿರಲಿಲ್ಲ, ನಡೆದಿರಲೂ ಇಲ್ಲವೇನೋ. ವಿಲ್ಯಾಳ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು, ನಡುಬೆರಳನ್ನು ಹುಡುಕಿತು, ಮತ್ತೆ ತೋರುಬೆರಳಿಗೇ ಬಂತು. ಕಿರುಬೆರಳಿಗೆ ಹೋಗಬೇಕಾದಾಗ ಇಡೀ ಕೈ ಮುದುರಿ ಮುಷ್ಟಿಯಾಯಿತು. ನಾಲಗೆ ಬಿದ್ದ ಹಲ್ಲಿನ ಸಂದಿಯಿಂದ ಹೊರಬಂದು ತಾನೂ ಹೊರಳಿತು. ಮತ್ತೆ ಮೇಜಿನ ಮೇಲಿದ್ದ ಎಡಗೈ: ಅದು ಸುಮ್ಮನಿರಲಿಲ್ಲ. ಬಲಗೈ ಎಡವಿದಲ್ಲೆಲ್ಲ ಅದೂ ಎಡವುತ್ತಿತ್ತು, ಬಲಗೈ ಮುದುರಿದಾಗ ಮುದುರುತ್ತಿತ್ತು, ಗಾಜಿನಾಚೆ ಕೂತ ಇನ್ನೊಂದು ಮಗುವಿನ ಕೈಯ ಹಾಗೆ. ಆರು ವರ್ಷಕ್ಕೆ ಸ್ವಲ್ಪ ಎಲ್ಲರಲ್ಲೂ ಇರುತ್ತದೆ. ಇದು ಸ್ವಲ್ಪವಲ್ಲ. ಕಣ್ಣು ಮುಚ್ಚಿಸಿ ಕೈ ಚಾಚಿಸಿದಳು. ಬೆರಳುಗಳು ನೀರಿನಡಿಯ ಹುಲ್ಲಿನ ಹಾಗೆ ಅಲೆದವು. ಅಂಗೈ ಮೇಲೆ ಕೆಳಗೆ ಮಾಡಿಸಿದಳು. ಮೊಣಕೈ ರೆಕ್ಕೆಯ ಹಾಗೆ ಬಡಿಯಿತು. ಒಂದೊಂದೂ ಕೈಪಿಡಿಯ ಚಿತ್ರ. ತಾಯಿಯಲ್ಲಿ ಇರದಿದ್ದ ಗುರುತನ್ನು ಅಂದು ಬರೆದಿದ್ದಳು. ಇಂದು ಆ ಗುರುತುಗಳೆಲ್ಲ ಮಗಳ ಕೈಯಲ್ಲಿ ಬಂದು ಕೂತಿವೆ, ವಿಳಾಸ ತಪ್ಪಿ ಅಲೆದ ಕಾಗದ ಕೊನೆಗೂ ಆ ಮನೆಗೇ ಬಂದು ಬಿದ್ದ ಹಾಗೆ.

"ನರ್ಸತ್ತೆ, ಈ ಕೈ ಯಾವಾಗ್ಲೂ ಹಿಂಗೇ," ಎಂದಳು ವಿಲ್ಯಾ ಎಡಗೈಯನ್ನು ತೋರಿಸಿ, ಚೇಷ್ಟೆಯ ಕರುವನ್ನು ದೂರುವವಳ ಹಾಗೆ. "ಹೇಳಿದ್ ಮಾತು ಕೇಳಲ್ಲ. ನೀನು ಸುಮ್ನಿರು ಅಂತ ಹೇಳ್ತೀನಿ."

"ಎಷ್ಟು ದಿನದಿಂದ?"

"ಮುಂಚಿಂದ. ನಾನದರ ಮೇಲೆ ಕೂತ್ಕೊಂಡ್ಬಿಡ್ತೀನಿ."

ಹಾಳೆ ಮುಂದಿತ್ತು. ಪೆನ್ಸಿಲು ಕೈಯಲ್ಲಿತ್ತು. ಬರೆಯಬೇಕಾದ್ದು ಯಾವುದೆಂದು ಒಂದು ಕ್ಷಣವೂ ಅನುಮಾನವಿರಲಿಲ್ಲ. ಈ ಕೆಲಸ ಇಷ್ಟು ಸ್ಪಷ್ಟವಾಗಿ ಯಾವತ್ತೂ ಇರಲಿಲ್ಲ. ಎರಡು, ಎರಡು, ಎರಡು. ತಲೆಯೆತ್ತಿ ತೈನಾಗೆ ಹೇಳಬೇಕು: ಮಗುವಿಗೆ ಸಹಾಯ ಬೇಕು, ಸಿಗುತ್ತದೆ, ಇದು ಹಿಂಬಾಗಿಲಲ್ಲ. ತೈನಾ ಕೇಳುತ್ತಾಳೆ, ನಿಮ್ಮ ಬಾಯಿಂದ ಈ ಮಾತನ್ನು ಇನ್ನೊಂದು ಸಲ ನಂಬಲೇ ಎಂದು. ಕೇಳುವುದಿಲ್ಲ, ಅವಳು ಕೇಳುವವಳಲ್ಲ. ಕೈ ಬಾಯಿಗೆ ಅಡ್ಡ ಹಿಡಿದು ಹೂಂ ಎನ್ನುತ್ತಾಳೆ. ಆಗ ಹೆಲ್ವಿ ಮಿಕ್ಕದ್ದನ್ನೂ ಹೇಳಬೇಕಾಗುತ್ತದೆ. ಅಂದಿನದು ಸುಳ್ಳು, ಇಂದಿನದು ನಿಜ ಎಂದು. ಅಂದಿನದು ಸುಳ್ಳೆಂದು ಹೇಳದೆ ಇಂದಿನದನ್ನು ನಿಜವೆಂದು ಹೇಳುವುದು ಹೇಗೆ? ಐದು ತಿಂಗಳಲ್ಲಿ ನಿವೃತ್ತಿ. ಪಂಚಾಯಿತಿಯಿಂದ ಕಾಫಿ, ಕೇಕು, ಈಗ ತಂದೆಯ ಕುರ್ಚಿಯಲ್ಲಿ ಕೂತಿರುವ ಓಸ್ಮೊನಿಂದ ಭಾಷಣ.

"ನರ್ಸತ್ತೆ," ತೈನಾ ಮೆಲ್ಲಗೆ ಅಂದಳು, "ಗೆರೆ ಮೇಲೆ ಚೆನ್ನಾಗಿ ನಡೆದ್ಲಲ್ಲ?"

"ಹೂಂ. ತುಂಬ ಚೆನ್ನಾಗಿ ನಡೆದ್ಲು."

"ಹಂಗಾರೆ ಸೊನ್ನೆನೇ ಅಲ್ವಾ? ಎಲ್ಲಾದಕ್ಕೂ?"

ಗೆರೆಯ ಮುಂದೆ ಸೊನ್ನೆ ಬರೆದಳು. ಅದು ನ್ಯಾಯವಾದ ಸೊನ್ನೆ. ಪೆನ್ಸಿಲು ಎರಡನೆಯ ಸಾಲಿಗಿಳಿಯಿತು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಅದೇ ಇಳಿಜಾರು, ಅದೇ ಸಲೀಸು. ಸೊನ್ನೆಗಳು ಒಂದರಡಿ ಒಂದು ದುಂಡಗೆ ಬಂದವು. ಬರೆಯುವಾಗ ಎದೆಯಲ್ಲಿ ಏನೋ ಸಡಿಲಾಯಿತು. ಇಪ್ಪತ್ತೆಂಟು ವರ್ಷದ ಗಂಟು ಬಿಚ್ಚಿತೆಂದು ಅನ್ನಿಸಿತು, ಕಣ್ಣು ಒದ್ದೆಯಾಯಿತು. ತೀರಿಸಿದೆ, ತೈನಾ, ತೀರಿಸಿಬಿಟ್ಟೆ. ಆ ಸಂತೋಷ ಹೆಚ್ಚೆಂದರೆ ಮಗು ಕಾಲುಚೀಲ ಹಾಕಿಕೊಳ್ಳುವಷ್ಟು ಹೊತ್ತು ಉಳಿಯಿತು. ವಿಲ್ಯಾ ನೆಲದ ಮೇಲೆ ಕೂತು ಬಲಗಾಲಿಗೆ ಒಂದು ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ಹಿಮ್ಮಡಿ ಮೇಲಕ್ಕೆ ಬಂದಿತ್ತು. ತಿರುಗಿಸಿದರೆ ಪಕ್ಕಕ್ಕೆ ಹೋಯಿತು. ತೈನಾ ಬಗ್ಗಿ ಒಂದೇ ಎಳೆತಕ್ಕೆ ಸರಿಮಾಡಿ, ಯಾರಾದರೂ ನೋಡಿದರೇ ಎಂಬಂತೆ ಸುತ್ತ ಕಣ್ಣಾಡಿಸಿದಳು. ಹೆಲ್ವಿ ಹಾಳೆಯ ಕಡೆ ನೋಡುತ್ತಿರುವಂತೆ ನಟಿಸಿದಳು.

ಊಟದ ಕೋಣೆಯಲ್ಲಿ ಸತು ಬಂದು ಎದುರಿಗೆ ಕೂತಳು. ಸಾರಿಗೆ ಸಾಸಿವೆ ಕಲಸುತ್ತ, "ಹೇಳಿದ್ರಾ ಅವಳಿಗೆ?" ಎಂದಳು.

"ಹೇಳೋದೇನಿಲ್ಲ. ಹುಡುಗಿ ಸರಿಯಾಗಿದಾಳೆ."

ಚಮಚ ನಿಂತಿತು. "ಏನೂ ಇಲ್ವಾ?"

"ಗೆರೆ ಮೇಲೆ ಎಲ್ಲರಿಗಿಂತ ಚೆನ್ನಾಗಿ ನಡೆದ್ಲು."

"ಗೆರೆ ಮೇಲೆ," ಎಂದಳು ಸತು. ಹೆಲ್ವಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ವಯಸ್ಸಾದವರ ಕಣ್ಣು ಮಂಜಾಯಿತೇನೋ ಎಂದು ನೋಡುವ ಹಾಗೆ, ಕನಿಕರದಿಂದ. "ಸರಿ. ನಿಮಗೆ ಗೊತ್ತಿರತ್ತೆ. ನೀವು ಅವರಮ್ಮನ್ನೂ ನೋಡಿದವರು." ಸಾರು ಬಿಸಿಯಿತ್ತು, ಹೆಲ್ವಿ ತಿಂದಳು. ಕೊನೆಗೆ ಬಂದ ಹಿಟ್ಟಿನ ದೋಸೆಯನ್ನೂ ಜಾಮು ಸವರಿಕೊಂಡು ತಿಂದಳು. ಹಸಿವಾಗಿತ್ತು ಎಂಬುದೇ ಅವಳಿಗೆ ನಾಚಿಕೆಯ ವಿಷಯವಾಗಿ ಕಂಡಿತು. ನೀವು ಅವರಮ್ಮನ್ನೂ ನೋಡಿದವರು. ನೋಡಿದ್ದೆನೇ? ಅಂದು ನೋಡಿದ್ದು ಜೌಗಿನಾಚೆಯ ಗುಡಿಸಲನ್ನು. ಇಂದು ನೋಡಿದ್ದು ಪುಟ್ಟ ಕುರ್ಚಿಯ ಮೇಲೆ ಕೂತ ಹೆಂಗಸನ್ನು. ಎರಡು ಸಲವೂ ಎದುರಿಗೆ ಒಂದು ಮಗು ನಿಂತಿತ್ತು.

ಹಾಳೆಗಳನ್ನು ಲಕೋಟೆಗೆ ಹಾಕುವ ಮುನ್ನ ಆಟದ ಕೋಣೆಗೆ ಹಿಂದಿರುಗಿ ಒಬ್ಬಳೇ ಕೂತಳು. ಬರೆದದ್ದು ಪೆನ್ಸಿಲಿನಲ್ಲಿ. ರಬ್ಬರು ಚೀಲದಲ್ಲಿತ್ತು, ಚೀಲ ಕಾಲ ಬಳಿಯಲ್ಲಿತ್ತು. ಅಷ್ಟೇ ದೂರ. ನೆಲದ ಕಾವು ಆರಿಹೋಗಿ ಅಂಗಾಲಿಗೆ ತಣ್ಣಗೆ ಹತ್ತುತ್ತಿತ್ತು. ಮಕ್ಕಳು ಬರಿಗಾಲಲ್ಲಿ ನಿಲ್ಲುವಾಗ ತನಗೇಕೆ ಉಣ್ಣೆಯ ಬೆಚ್ಚನೆ ಎಂದು ಪ್ರತಿ ತಪಾಸಣೆಯ ದಿನ ಅವಳೂ ಗುಟ್ಟಾಗಿ ಮೇಜಿನಡಿ ಕಾಲುಚೀಲ ಕಳಚಿಡುತ್ತಿದ್ದಳು. ಎಂಥ ಅಗ್ಗದ ಶಿಕ್ಷೆ. ಕಿಟಕಿಯಾಚೆ ಮಧ್ಯಾಹ್ನವೇ ಮಬ್ಬಾಗುತ್ತಿತ್ತು. ತೈನಾಳ ಕೆಲಸ ಮುಗಿದಿತ್ತು. ಮಗಳ ಜೊತೆ ಅಂಗಳ ದಾಟುತ್ತಿದ್ದಳು. ಗೇಟಿನ ಬಳಿ ತೈನಾ ತಿರುಗಿ ಕಿಟಕಿಯಲ್ಲಿ ಹೆಲ್ವಿಯನ್ನು ಕಂಡು, ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳಿದಳು. ನರ್ಸತ್ತೆಗೆ ಕೈ ಬೀಸು ಎಂದಿರಬೇಕು.

ವಿಲ್ಯಾ ಬಲಗೈ ಎತ್ತಿ ಬೀಸಿದಳು. ಕೈಗವಸು ತೊಟ್ಟ ಎಡಗೈ ಪಕ್ಕದಲ್ಲಿ ಅರ್ಧಕ್ಕೆ ಎದ್ದು ತಾನೂ ಬೀಸತೊಡಗಿತು, ಯಾರಿಗೋ, ಕೆಳಗೆಲ್ಲೋ ನಿಂತ, ಕಾಣದ ಯಾರಿಗೋ. ತೈನಾ ಅದನ್ನು ನೋಡಲಿಲ್ಲ. ಕಿಟಕಿಯ ಕಡೆಯೇ ನಗುತ್ತ, ನೋಡದೆಯೇ, ಹಳೆಯ ರೂಢಿಯಿಂದ ಕೈ ಚಾಚಿ ಆ ಪುಟ್ಟ ಎಡಗೈಯನ್ನು ಹಿಡಿದು ತನ್ನ ಕೋಟಿನ ಜೇಬಿನೊಳಗೆ ಇಳಿಸಿ, ಮೇಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು. ಜೇಬಿನ ಬಟ್ಟೆ ಅಲುಗುತ್ತಲೇ ಇತ್ತು.